ಕಾಫಿಪುಡಿ ಮಿಷನ್ನಿನ ಅಲೆದಾಟ

ಮನೆಯ ಕಾಫಿ ಬದಲಾದ ಕಥೆ ಹೇಳಬೇಕಾದರೆ ಫಿಲ್ಟರನ್ನು ಹಿಡಿದುಕೊಂಡು ಕೂತರೆ ಆಗದು. ಫಿಲ್ಟರು ಹೆಚ್ಚುಕಡಿಮೆ ಹಾಗೇ ಇದೆ. ಮೇಲೊಂದು ತೂತಿನ ಪಾತ್ರೆ, ಕೆಳಗೆ ಡಿಕಾಕ್ಷನ್ ಇಳಿಯುವ ಪಾತ್ರೆ, ನಡುವೆ ಪುಡಿಯನ್ನು ಅದುಮಿ ಹಿಡಿಯುವ ಛತ್ರಿ. ಹಿತ್ತಾಳೆಯದು ಹೋಗಿ ಸ್ಟೀಲಿನದು ಬಂತು, ಕಲಾಯಿಯವನಿಗೆ ಒಂದು ಕೆಲಸ ತಪ್ಪಿತು, ಅಷ್ಟೆ. ಅಲೆದದ್ದು ಬೀಜ ಪುಡಿ ಮಾಡುವ ಮಿಷನ್ನು. ಅದು ಮನೆಯಿಂದ ಅಂಗಡಿಗೆ ಹೋಯಿತು, ಅಂಗಡಿಯಿಂದ ಕಾರ್ಖಾನೆ ಸೇರಿತು, ಈಗ ಮತ್ತೆ ಅಡುಗೆಮನೆಗೆ ಬಂದು ಕೂತಿದೆ. ಬೀಜ ಬರುವ ದಾರಿ ಬದಲಾದಾಗಲೆಲ್ಲ ಮಿಷನ್ನೂ ಜಾಗ ಬದಲಿಸಿತು. ಕಾಫಿಯ ರುಚಿ ಅದರ ಹಿಂದೆಯೇ ಹೋಯಿತು.

ನಾನು ಮೊದಲು ನೋಡಿದ ಮಿಷನ್ನು ಮೂಡಿಗೆರೆ ಕಡೆಯ ಅಜ್ಜಿಮನೆಯದು. ಅಡುಗೆಮನೆ ಪಕ್ಕದ ಮರದ ಕಂಬಕ್ಕೆ ಬೋಲ್ಟು ಹಾಕಿ ಬಿಗಿದಿದ್ದ ಬೀಡುಕಬ್ಬಿಣದ ಮಿಷನ್ನು. ಮೇಲೆ ಬೀಜ ಸುರಿಯುವ ಬಾಯಿ, ಪಕ್ಕದಲ್ಲಿ ತಿರುಗಿಸುವ ಹಿಡಿ. ಆಗ 1942ರ ಕಾಫಿ ಕಾಯ್ದೆಯ ಕಾಲ. ತೋಟದಲ್ಲಿ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕು. ಮನೆಖರ್ಚಿಗೆ, ಬಿತ್ತನೆಗೆ ಇಷ್ಟೆಂದು ಮಾತ್ರ ಇಟ್ಟುಕೊಳ್ಳಬಹುದು. ಅಜ್ಜಿ ಮನೆಖರ್ಚಿಗೆ ಇಡುತ್ತಿದ್ದದ್ದು ಕಣದಲ್ಲಿ ಒಣಗಿಸಿದ ಉದುರು ಹಣ್ಣನ್ನು. ಅದನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ, ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದರು. ಹದ ನೋಡುತ್ತಿದ್ದದ್ದು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ. ಬೀಜ ಚಟಚಟ ಸಿಡಿಯಲು ಶುರುವಾದ ಮೇಲೆ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಮಿಷನ್ನಿನ ಹಿಡಿ ತಿರುಗಿಸುವುದು ಮಕ್ಕಳ ಪಾಲಿನ ಕೆಲಸ. ಬಿಗಿ ಮಾಡಿದರೆ ನಮ್ಮ ಕೈಲಿ ತಿರುಗುತ್ತಿರಲಿಲ್ಲವಾದ್ದರಿಂದ ಪುಡಿ ತರಿತರಿಯಾಗಿಯೇ ಇಳಿಯುತ್ತಿತ್ತು. ಅಲ್ಲಿನ ಕಾಫಿಗೆ ಆ ತರಿಯೇ ಸರಿ. ಬೆಲ್ಲ ಹಾಕಿದ ನೀರು ಕುದಿಯುವಾಗ ಪುಡಿ ಹಾಕಿ, ಪಾತ್ರೆ ಇಳಿಸಿ ಮುಚ್ಚಿಟ್ಟರೆ ಗಷ್ಟು ತಾನಾಗಿ ತಳ ಸೇರುತ್ತಿತ್ತು. ಆಮೇಲೆ ಬಟ್ಟೆಯಲ್ಲಿ ಶೋಧಿಸಿದರಾಯಿತು. ಆ ಮನೆಯಲ್ಲಿ ಫಿಲ್ಟರು ಇರಲಿಲ್ಲ, ಚಿಕೋರಿಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಹಾಸನದಲ್ಲಿದ್ದ ನಮ್ಮ ಮನೆಗೆ ತೋಟವಿಲ್ಲ, ಹಾಗಾಗಿ ಮಿಷನ್ನೂ ಇಲ್ಲ. ಬೀಜ ತೋಟದಿಂದ ಕ್ಯೂರಿಂಗ್ ವರ್ಕ್ಸ್‌ಗೆ ಬಂದು, ಅಲ್ಲಿ ಸಿಪ್ಪೆ ಕಳಚಿಕೊಂಡು, ಸಾಲಾಗಿ ಕೂತ ಹೆಂಗಸರ ಕೈಯಲ್ಲಿ ಆರಿಸಿಕೊಂಡು, ಬೋರ್ಡಿನ ಹರಾಜು ದಾಟಿ ಪುಡಿ ಅಂಗಡಿ ಸೇರುತ್ತಿತ್ತು. ಅಂಗಡಿಯ ಹಿಂಭಾಗದಲ್ಲಿ ಹುರಿಯುವ ಡ್ರಮ್ಮು, ಮುಂಭಾಗದಲ್ಲಿ ಕರೆಂಟಿನ ಮಿಷನ್ನು. ಹುರಿಯುವ ದಿನ ಹೊಗೆ ಬೀದಿಯ ಆ ತುದಿಯವರೆಗೂ ಹೋಗುತ್ತಿತ್ತು.

ಅಂಗಡಿಯವರ ತಲೆಯಲ್ಲಿ ಬೀದಿಯ ಎಲ್ಲ ಮನೆಗಳ ಲೆಕ್ಕವೂ ಇತ್ತು. ಮೇಷ್ಟ್ರ ಮನೆಗೆ ಪೀಬೆರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಬೇಡ. ನಮ್ಮ ಮನೆಗೆ ಪ್ಲಾಂಟೇಶನ್ ಜೊತೆ ಸ್ವಲ್ಪ ರೋಬಸ್ಟಾ, ನೂರಕ್ಕೆ ಇಪ್ಪತ್ತು ಚಿಕೋರಿ. ಪ್ಲಾಂಟೇಶನ್ ಎಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾ, ಚೆರ್ರಿ ಎಂದರೆ ಹಣ್ಣನ್ನೇ ಒಣಗಿಸಿ ತೆಗೆದ ಬೀಜ, ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೆಳೆದ ದುಂಡು ಬೀಜ. ಇದೆಲ್ಲ ನನಗೆ ತಿಳಿದದ್ದು ಆ ಕೌಂಟರಿನ ಮುಂದೆ ನಿಂತೇ.

ಅವರು ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಮಿಷನ್ನಿನ ತಿರುಪು ಒಂದಿಷ್ಟು ತಿರುಗಿಸಿ, ಮತ್ತೆ ತಿಕ್ಕಿ ನೋಡುತ್ತಿದ್ದರು. ತೀರ ನುಣ್ಣಗಾದರೆ ಫಿಲ್ಟರಿನ ತೂತು ಕಟ್ಟಿಕೊಳ್ಳುತ್ತದೆ. ದಪ್ಪವಾದರೆ ನೀರು ಸತ್ವ ಎಳೆಯದೆ ಜಾರಿಹೋಗುತ್ತದೆ. ಚಿರೋಟಿ ರವೆಗಿಂತ ಒಂದು ಕೈ ನಯ, ಇದು ಅವರ ಅಳತೆ. "ಅಮ್ಮಾ, ಇದು ಈಗ ತಾನೇ ಹುರಿದದ್ದು. ಇವತ್ತು ಹಾಕಬೇಡಿ, ನಾಳೆ ಹಾಕಿ" ಎಂದು ಅಮ್ಮನಿಗೆ ಹೇಳುತ್ತಿದ್ದದ್ದು ಬರಿಯ ಉಪಚಾರದ ಮಾತಲ್ಲ. ಹೊಸದಾಗಿ ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಿಸಿನೀರು ಬಿದ್ದೊಡನೆ ಪುಡಿ ಉಬ್ಬಿ ಛತ್ರಿಯನ್ನೇ ಎತ್ತುತ್ತದೆ, ಡಿಕಾಕ್ಷನ್ ನೀರುನೀರಾಗಿ ಇಳಿಯುತ್ತದೆ. ಒಂದು ದಿನ ಬಿಟ್ಟರೆ ತಕರಾರಿಲ್ಲ. ನಾಲ್ಕು ವಾರ ಬಿಟ್ಟರೆ ಪರಿಮಳವೂ ಇಲ್ಲ.

ಅಮ್ಮ ಕೊಳ್ಳುತ್ತಿದ್ದದ್ದು ವಾರಕ್ಕೆ ಸಾಕಾಗುವಷ್ಟು. ತೂತು ಕಟ್ಟಿದ ಫಿಲ್ಟರನ್ನು ಒಲೆಯ ಉರಿಗೆ ಹಿಡಿದು, ಒಳಗೆ ಕೂತ ಪುಡಿ ಸುಟ್ಟ ಮೇಲೆ ನೆಲಕ್ಕೆ ತಟ್ಟಿ ತೆಗೆಯುತ್ತಿದ್ದರು. ಬಂದವರಿಗೆ, ಅಪ್ಪನಿಗೆ ಮೊದಲನೇ ಡಿಕಾಕ್ಷನ್. ಗಷ್ಟಿನ ಮೇಲೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯದು ಅಡುಗೆಮನೆಯಲ್ಲೇ ಉಳಿದವರಿಗೆ. ಎರಡನೆಯದನ್ನು ಕುಡಿಯುತ್ತಿದ್ದವರು ಯಾರೆಂದು ನಾವು ಹುಡುಗರು ಆಗ ಗಮನಿಸಿದವರಲ್ಲ.

1980ರ ದಶಕದಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದೆ. ಇಲ್ಲಿ ಮೊದಲು ಬದಲಾದದ್ದು ಹಾಲು. ಊರಿನಲ್ಲಿ ಎಮ್ಮೆ ಹಾಲು ಹಾಕಿಸಿಕೊಳ್ಳುತ್ತಿದ್ದೆವು. ಇಲ್ಲಿ ಬೂತಿನ ಪ್ಯಾಕೆಟ್ಟು. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಎಮ್ಮೆ ಹಾಲಿನಲ್ಲಿ ಅದರ ಇಮ್ಮಡಿಗೂ ಹೆಚ್ಚು. ಹಾಲು ತೆಳುವಾದಾಗ ಕಾಫಿಗೆ ಮೈ ಕೊಡಲು ಚಿಕೋರಿ ಮುಂದೆ ಬಂತು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಗಡ್ಡೆಯನ್ನು ಹುರಿದು ಪುಡಿ ಮಾಡಿದರೆ ಬಣ್ಣ, ಮಂದ, ಕಹಿ ಮೂರೂ ಸಿಗುತ್ತವೆ. ಕೆಫೀನ್ ಮಾತ್ರ ಇರುವುದಿಲ್ಲ. ಬೀಜಕ್ಕಿಂತ ಅಗ್ಗ ಬೇರೆ. ಕಾನೂನಿನ ಪ್ರಕಾರ ಇಂಥ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕೆ ಇಳಿದರೂ ನಡೆಯುತ್ತದೆ. ಚಿಕೋರಿಯ ಪಾಲು ಇಪ್ಪತ್ತಿದ್ದದ್ದು ಮೂವತ್ತಾಯಿತು, ಕೆಲವು ಪೊಟ್ಟಣಗಳಲ್ಲಿ ನಲವತ್ತು ದಾಟಿತು. ಗಟ್ಟಿ ಕಾಫಿ ಎಂದರೆ ಕಪ್ಪು ಕಾಫಿ ಎಂದು ನಂಬುವ ಒಂದು ತಲೆಮಾರು ಹೀಗೆ ಬೆಳೆಯಿತು.

ಅದೇ ಕಾಲಕ್ಕೆ ಮಿಷನ್ನು ಕಾರ್ಖಾನೆಗೆ ಹೋಯಿತು. ಇನ್‌ಸ್ಟಂಟ್ ಕಾಫಿ ಮೊದಲೇ ಬಂದಿತ್ತು. 1989ರಲ್ಲಿ ನೆಸ್ಲೆ ಕಂಪನಿ ನಂಜನಗೂಡಿನಲ್ಲೇ ಕಾರ್ಖಾನೆ ತೆರೆಯಿತು. ಗಂಡ ಹೆಂಡತಿ ಇಬ್ಬರೂ ಎಂಟು ಗಂಟೆಗೆ ಬಸ್ಸು ಹಿಡಿಯುವ ಮನೆಗೆ ಡಿಕಾಕ್ಷನ್ ಇಳಿಯುವ ಹೊತ್ತೇ ದೊಡ್ಡದು; ಆ ಮನೆಗಳನ್ನು ನಾನು ಆಡಿಕೊಳ್ಳಲಾರೆ. ಫಿಲ್ಟರು ಬಿಡದವರು ದಿನಸಿ ಅಂಗಡಿಯಲ್ಲೇ ಸಿಗುವ ಸೀಲು ಹಾಕಿದ ಪೊಟ್ಟಣಕ್ಕೆ ಹೊಂದಿಕೊಂಡರು. ಪೊಟ್ಟಣದ ಪುಡಿಗೆ ಒಂದೇ ಹದ. ನಿಮ್ಮ ಫಿಲ್ಟರಿನ ತೂತು ದೊಡ್ಡದೋ ಸಣ್ಣದೋ ಅದು ಕೇಳುವುದಿಲ್ಲ. ಪುಡಿ ಅಂಗಡಿಯವರ ಮಕ್ಕಳು ಬೇರೆ ಬೇರೆ ಕೆಲಸ ಹಿಡಿದರು. ಹೊಗೆಯ ಬಗ್ಗೆ ಹೊಸ ಅಪಾರ್ಟ್‌ಮೆಂಟಿನವರು ದೂರು ಕೊಟ್ಟರು. ಬಾಡಿಗೆ ಏರಿತು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಬೀಜದ ದಾರಿ ಮತ್ತೆ ತಿರುಗಿದ್ದು 1990ರ ದಶಕದಲ್ಲಿ. ಬೆಳೆಯ ಒಂದು ಪಾಲನ್ನು ಬೆಳೆಗಾರ ತಾನೇ ಮಾರಬಹುದು ಎಂದು ಶುರುವಾದ ಸಡಿಲಿಕೆ 1996ರಲ್ಲಿ ಪೂಲ್ ಪೂರ್ತಿ ನಿಲ್ಲುವುದರೊಂದಿಗೆ ಮುಗಿಯಿತು. ಪೂಲ್‌ನಲ್ಲಿ ಎಲ್ಲರ ಕಾಫಿಯೂ ಒಂದಾಗುತ್ತಿತ್ತು. ಗ್ರೇಡಿಗೆ ತಕ್ಕಂತೆ ಅಂಕ, ಅಂಕಕ್ಕೆ ತಕ್ಕ ದುಡ್ಡು, ಅದೂ ಕಂತು ಕಂತಾಗಿ. ನೆರಳು ಕಾಪಾಡಿ, ಹಣ್ಣಾದದ್ದನ್ನು ಮಾತ್ರ ಕೊಯ್ಯಿಸಿದ ತೋಟದ ಹೆಸರು ಕ್ಯೂರಿಂಗ್ ವರ್ಕ್ಸ್ ದಾಟಿ ಮುಂದೆ ಬರುತ್ತಿರಲಿಲ್ಲ. ಹಾಸನದ ಆ ಅಂಗಡಿಯವರಿಗೆ ಬೀಜದ ಗ್ರೇಡು ಗೊತ್ತಿತ್ತೇ ಹೊರತು ಊರು ಗೊತ್ತಿರಲಿಲ್ಲ. ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆಯಿತು. ಲೋಟದ ಮನೆಯಿಂದ ಬಂದ ಹುಡುಗರು ಕಪ್ಪಿನಲ್ಲಿ ಕಾಫಿ ಕುಡಿಯತೊಡಗಿದರು.

ತೋಟದ ಹೆಸರು ಮನೆಯವರೆಗೆ ಬರಲು ಇನ್ನೂ ಹದಿನೈದಿಪ್ಪತ್ತು ವರ್ಷ ಹಿಡಿಯಿತು. 2013ರಲ್ಲಿ ದೆಹಲಿಯಲ್ಲಿ ಶುರುವಾದ ಬ್ಲೂ ಟೋಕಾಯ್‌ನಂಥ ಕಂಪನಿಗಳು ನಮ್ಮ ಬೆಟ್ಟದ ಬೀಜವನ್ನು ಅಲ್ಲಿ ಹುರಿದು ಕೊರಿಯರಿನಲ್ಲಿ ನಮಗೇ ಕಳಿಸುವ ಕಾಲ ಬಂತು. ಪೊಟ್ಟಣದ ಮೇಲೆ ತೋಟದ ಹೆಸರು, ಹುರಿದ ತಾರೀಖು, ಹಣ್ಣು ಸಂಸ್ಕರಿಸಿದ ರೀತಿ. ಒಳಗೆ ಇಡೀ ಬೀಜ. ಅದನ್ನು ಪುಡಿ ಮಾಡಲು ನನ್ನ ಮಗ ತರಿಸಿದ ಕೈಮಿಷನ್ನನ್ನು ನೋಡಿದೆ. ಅಂಗೈಗೆ ಹಿಡಿಯುವ ಗಾತ್ರ, ಒಳಗೆ ಹಲ್ಲುಗಳ ಜೋಡಿ, ಹದಕ್ಕೆ ತಿರುಪು. ಅಜ್ಜಿಮನೆಯ ಕಂಬದಲ್ಲಿದ್ದದ್ದೂ ಇದೇ ಕೆಲಸ ಮಾಡುತ್ತಿತ್ತು. ವ್ಯತ್ಯಾಸವೆಂದರೆ ಇದು ಬಿಗಿ ಮಾಡಿದರೂ ಸಲೀಸಾಗಿ ತಿರುಗುತ್ತದೆ.

ಮಗನ ಶೆಲ್ಫಿನಲ್ಲಿ ಏರೋಪ್ರೆಸ್ಸು, ಮೋಕಾ ಪಾಟು, ಕಾಗದದ ಸೋಸಣಿಗೆಯ ಗಾಜಿನ ಪಾತ್ರೆ ಎಲ್ಲ ಇವೆ. ಎಲ್ಲದರಲ್ಲೂ ಕುಡಿದು ನೋಡಿದ್ದೇನೆ. ಕಡಿಮೆ ಹುರಿದ ಅರೇಬಿಕಾವನ್ನು ಹಾಲಿಲ್ಲದೆ ಕಾಗದದಲ್ಲಿ ಸೋಸಿದರೆ ಕಿತ್ತಳೆಯಂಥ ಹುಳಿ ನಾಲಿಗೆಗೆ ಸಿಗುತ್ತದೆ. ಹಾಸನದ ಡ್ರಮ್ಮಿನ ಕಡುಹುರಿಯಲ್ಲಿ ಅದು ಸುಟ್ಟೇ ಹೋಗುತ್ತಿತ್ತು. ಅದೇ ಬೀಜವನ್ನು ನಮ್ಮ ಫಿಲ್ಟರಿಗೆ ಹಾಕಿ ಹಾಲು ಬೆರೆಸಿದರೆ ಬರಿಯ ಹುಳಿ, ಗಟ್ಟಿಯಿಲ್ಲ. ಹಾಲಿನ ಕಾಫಿಗೆ ಬೇಕಾದದ್ದು ಇನ್ನಷ್ಟು ಹುರಿದ ಬೀಜ, ನಿಧಾನವಾಗಿ ಇಳಿದ ಡಿಕಾಕ್ಷನ್. ಅದಕ್ಕೆ ಫಿಲ್ಟರನ್ನು ಮೀರಿಸುವ ಸಲಕರಣೆ ಆ ಶೆಲ್ಫಿನಲ್ಲಿ ನನಗೆ ಸಿಗಲಿಲ್ಲ.

ಹೊಸದಾಗಿ ಸಂಸಾರ ಹೂಡಿದವರು ಏನು ಕೊಳ್ಳಲಿ ಎಂದು ಕೇಳುತ್ತಾರೆ. ಫಿಲ್ಟರು ಚಿಕ್ಕದು ಕೊಳ್ಳಿ, ದಿನವೂ ತುಂಬುವಂಥದ್ದು. ದೊಡ್ಡ ಫಿಲ್ಟರಿಗೆ ಎರಡು ಚಮಚ ಹಾಕಿದರೆ ಪುಡಿಯ ಪದರ ತೆಳುವಾಗಿ ನೀರು ಓಡಿಬಿಡುತ್ತದೆ. ಕುದಿ ನಿಂತು ಅರೆನಿಮಿಷವಾದ ನೀರು ಹಾಕಿ. ಕೊಳವೆಬಾವಿಯ ಗಡಸು ನೀರು ಬೇಡ. ಪುಡಿಯನ್ನು ಒಲೆಯ ಹಬೆಯಿಂದ ದೂರ, ಗಾಳಿಯಾಡದ ಡಬ್ಬಿಯಲ್ಲಿಡಿ. ಬೀಜವನ್ನು ಮಿಕ್ಸಿಗೆ ಹಾಕಬೇಡಿ. ಬ್ಲೇಡು ಬೀಜವನ್ನು ಸೀಳುತ್ತದೆ, ಅರೆಯುವುದಿಲ್ಲ, ಒಂದಷ್ಟು ಧೂಳು ಒಂದಷ್ಟು ನುಚ್ಚು ಎರಡೂ ಒಟ್ಟಿಗೆ ಬರುತ್ತವೆ.

ದುಡ್ಡು ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡಿ. ನಡೆದು ಹೋಗುವಷ್ಟು ದೂರದಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿ ಉಳಿದಿದೆಯೇ ನೋಡಿ. ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಹಳೆಯ ಬೀದಿಗಳಲ್ಲಿ ಇನ್ನೂ ಇವೆ. ಇದ್ದರೆ ಕೈಮಿಷನ್ನು ಬೇಡ, ವಾರಕ್ಕೆ ನೂರು ಗ್ರಾಂ ಅಲ್ಲೇ ಪುಡಿ ಮಾಡಿಸಿ. ಬ್ರೆಜಿಲ್, ವಿಯೆಟ್ನಾಮಿನ ಬರದಿಂದ 2024ರಲ್ಲಿ ಬೀಜದ ಬೆಲೆ ಏರಿದ ಮೇಲೆ ಆ ಅಂಗಡಿಗಳಿಗೆ ಉಸಿರು ಕಟ್ಟಿದೆ; ನಿಮ್ಮ ನೂರು ಗ್ರಾಂ ಅವರಿಗೂ ಬೇಕು. ಅಂಗಡಿ ಇಲ್ಲದಿದ್ದರೆ ಮಾತ್ರ ಉಳಿದದ್ದೆಲ್ಲ ಬಿಟ್ಟು ದುಡ್ಡನ್ನು ಒಳ್ಳೆಯ ಕೈಮಿಷನ್ನಿನ ಮೇಲೆ ಹಾಕಿ. ಒಂದು ಬೀದಿಗೆ ಒಂದು ಮಿಷನ್ನು ಸಾಕಾಗುತ್ತಿತ್ತು. ಅದನ್ನು ಉಳಿಸಿಕೊಳ್ಳದ ಬೀದಿಯವರು ಈಗ ಮನೆಗೊಂದು ಕೊಳ್ಳಬೇಕಾಗಿದೆ.