ಗುಡ್ಡ ಸುತ್ತುವ ಸುಖ

ಬೆಳಗಾವಿಯಿಂದ ಕೊಲ್ಲಾಪುರದ ಕಡೆ ಹೊರಟ ಬಸ್ಸು ಸಂಕೇಶ್ವರ ದಾಟಿ ಸ್ವಲ್ಪ ಹೊತ್ತಿಗೆ ತವಂದಿ ಘಾಟು ಇಳಿಯತೊಡಗುತ್ತದೆ. ಅಷ್ಟರಲ್ಲಿ ನಿಪ್ಪಾಣಿಯಲ್ಲಿ ಇಳಿಯುವವರು ಚೀಲ, ಚಪ್ಪಲಿ ಹುಡುಕುತ್ತಿರುತ್ತಾರೆ. ನನಗೆ ಮಾತ್ರ ಆ ತಿರುವುಗಳಲ್ಲಿ ಕಾಲು ಸುಮ್ಮನಿರುವುದಿಲ್ಲ. ಎಡಬಲಕ್ಕೆ ಕಾಣುವ ಆ ಬೋಳು ನೆತ್ತಿಯ ಗುಡ್ಡಗಳನ್ನು ನಾನು ಎಷ್ಟೋ ವರ್ಷಗಳಿಂದ ಸುತ್ತುತ್ತ ಬಂದಿದ್ದೇನೆ. ರಜೆ ಸಿಕ್ಕರೆ ಗೆಳೆಯರು ಪನ್ಹಾಳಕ್ಕೋ ಅಂಬೋಲಿಗೋ ಗಾಡಿ ಹೊಡೆಯುತ್ತಾರೆ. ಅವೂ ಚಂದದ ಜಾಗಗಳೇ. ಆದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ ಬುತ್ತಿ ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಸಂಜೆ ದನ ಮನೆಗೆ ಬರುವ ಹೊತ್ತಿಗೆ ತಿರುಗಿ ಬರಬಹುದಾದ ಗುಡ್ಡದ ಸುಖವೇ ಬೇರೆ. ಅದಕ್ಕೆ ಬುಕಿಂಗ್ ಬೇಡ, ಮುಂಗಡ ಬೇಡ, ಯಾರನ್ನೂ ಹೊರಡಿಸುವ ತಾಪತ್ರಯವೂ ಇಲ್ಲ.

ಹತ್ತುವುದಕ್ಕೆ ಸ್ತವನಿಧಿಯ ಕಡೆಯಿಂದ ಹೋಗುವುದು ನನಗೆ ಇಷ್ಟ. ಅಲ್ಲಿಯ ಜೈನ ಬಸದಿಗೆ, ಬ್ರಹ್ಮದೇವರ ದರ್ಶನಕ್ಕೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಿಂದ ಜನ ಬರುತ್ತಾರೆ. ಬಸದಿಯಲ್ಲಿ ಕೈ ಮುಗಿದು, ತಂಬಿಗೆ ನೀರು ಕುಡಿದು ನಡೆಯತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ಹೆದ್ದಾರಿಯ ಹಾರ್ನು ಹಿಂದೆ ಬೀಳುತ್ತದೆ. ಈ ಗುಡ್ಡಗಳು ಒಮ್ಮೆಲೇ ಮೇಲೇಳುವುದಿಲ್ಲ. ಒಂದು ಏರು, ಆಮೇಲೆ ಒಂದು ಸಪಾಟು, ಮತ್ತೊಂದು ಏರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಒಂದರ ಮೇಲೊಂದು ಪದರಾಗಿ ಹರಡಿ ಆರಿದ್ದರಿಂದ ಹೀಗಾಗಿದೆ. ಗಟ್ಟಿ ಪದರು ಗೋಡೆಯಂತೆ ನಿಂತಿತು, ಮೆತ್ತನೆಯದು ಮಳೆಗೆ ಸವೆದು ಸಪಾಟಾಯಿತು. ಆಲ್ಪ್ಸ್ ಪರ್ವತಗಳು ಭೂಖಂಡಗಳು ಒಂದನ್ನೊಂದು ಒತ್ತಿ ನೆಲ ಮಡಚಿದ್ದರಿಂದ ಎದ್ದಂಥವು. ನಮ್ಮವು ಎದ್ದ ಗುಡ್ಡಗಳಲ್ಲ, ಸುತ್ತಲಿನದೆಲ್ಲ ಕೊಚ್ಚಿ ಹೋದ ಮೇಲೆ ಉಳಿದುಕೊಂಡವು.

ಸಪಾಟಿನಲ್ಲಿ ಕೂತಾಗ ಕಾಲ ಬಳಿಯ ಒಂದು ಕಲ್ಲು ಎತ್ತಿ ನೋಡಿ. ಕರಿಕಲ್ಲಿನ ಮೈತುಂಬ ಕಡಲೆಯಷ್ಟು, ಜೋಳದಷ್ಟು ತೂತುಗಳಿರುತ್ತವೆ. ಕುದಿಯುವ ಲಾವಾದೊಳಗಿದ್ದ ಅನಿಲದ ಗುಳ್ಳೆಗಳು ಹೊರಗೆ ಹೋಗುವಷ್ಟರಲ್ಲಿ ಕಲ್ಲು ಹೆಪ್ಪುಗಟ್ಟಿತ್ತು. ಕೆಲವು ತೂತುಗಳಲ್ಲಿ ಬೆಳ್ಳನೆಯ ಹರಳು ಕೂತಿರುತ್ತದೆ, ಕಲ್ಲೊಳಗೆ ಜಿನುಗಿದ ನೀರು ತಂದಿಟ್ಟದ್ದು. ಬಿಸಿಲಿಗೆ ಹಿಡಿದು ಸ್ವಲ್ಪ ತಿರುವಿದರೆ ಆ ಹರಳಿನ ಒಂದು ಮುಖ ಫಕ್ಕನೆ ಹೊಳೆಯುತ್ತದೆ. ನಾನು ಎಷ್ಟು ಸಲ ನೋಡಿದರೂ ದಣಿಯದ ಆಟ ಇದು. ನೋಡಿ ಅಲ್ಲೇ ಇಟ್ಟು ಬರುತ್ತೇನೆ.

ಸ್ವಿಟ್ಜರ್ಲೆಂಡಿನ ಗುಡ್ಡದ ಹಳ್ಳಿಗಳಲ್ಲಿ ಕಾಲುದಾರಿಗಳಿಗೆಲ್ಲ ಹಳದಿ ಫಲಕಗಳಿರುತ್ತವೆ, ಮುಂದಿನ ಊರು ಎಷ್ಟು ಹೊತ್ತಿನ ನಡಿಗೆ ಎಂದು ಅದರಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಆ ಕೆಲಸ ಕುರಿಕಾಯುವವರದು. ಕಂಬಳಿ ಹೆಗಲಿಗೆ ಹಾಕಿಕೊಂಡು ಕೋಲಿಗೆ ಗದ್ದ ಊರಿ ನಿಂತ ಮುದುಕರೊಬ್ಬರನ್ನು ಒಮ್ಮೆ ಕೇಳಿದೆ, "ಕಾಕಾ, ಇತ್ಲಾಗಿಂದ ಇಳದ್ರ ಊರಿಗಿ ಹತ್ರ ಆಗತೈತೇನ್ರಿ?" ಅವರು ನನ್ನ ಕಾಲಿನ ಕಡೆ ನೋಡಿ, "ಹತ್ರ ಆಗತೈತಿ ತಮ್ಮಾ, ಆದ್ರ ಕರಡದಾಗ ಕಲ್ಲ ಜಾರತಾವ. ಆ ಬೇವಿನಗಿಡದ ತನಕ ಹೋಗಿ ಎಡಕ್ಕ ಇಳಿ. ನನ್ನ ಕುರಿ ಹಂಗ ಇಳೀತಾವ" ಅಂದರು. ಕುರಿ ಇಳಿಯುವ ದಾರಿ ಅಡ್ಡಡ್ಡ ಹೋಗುತ್ತದೆ, ಉದ್ದವಾಗುತ್ತದೆ, ಆದರೆ ಮೊಣಕಾಲು ನೋಯುವುದಿಲ್ಲ. ಅಂದಿನಿಂದ ಕುರಿಹೆಜ್ಜೆ ಹುಡುಕಿಯೇ ಇಳಿಯುತ್ತೇನೆ. ಗಡಿಯ ಗುಡ್ಡಗಳಾದ್ದರಿಂದ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುವುದೂ ಉಂಟು, ದಾರಿ ಮಾತ್ರ ತಪ್ಪುವುದಿಲ್ಲ. ಆಲ್ಪ್ಸಿನ ಜನ ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹತ್ತಿಸುತ್ತಾರೆ. ನಮ್ಮ ಕಡೆಯ ಕುರುಬರ ಹಿಂಡುಗಳು ದೀಪಾವಳಿ ಮುಗಿದ ಮೇಲೆ ಪಶ್ಚಿಮದತ್ತ ನಡೆಯುತ್ತವೆ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳೋ ಕಾಸೋ.

ಕಾಲಿನ ಮಾತು ಬಂತು. ಚಳಿಗಾಲದಿಂದ ಬೇಸಿಗೆಯ ತನಕ ನಾನು ಹತ್ತುವುದು ಇಲ್ಲಿಯದೇ ಚಪ್ಪಲಿಯಲ್ಲಿ. ಅದರ ಹೆಸರು ಕೊಲ್ಲಾಪುರದ್ದಾದರೂ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಹಳ್ಳಿಗಳಲ್ಲಿ ಈ ಚಪ್ಪಲಿ ಹೊಲಿಯುವ ಮನೆಗಳು ತಲೆಮಾರುಗಳಿಂದ ಇವೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ತೊಗಲು ಹದವಾಗುವುದು ಜಾಲಿಯ ತೊಗಟೆ, ಅಳಲೆಕಾಯಿಯ ರಸದಲ್ಲಿ. ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಹೊಸದು ಮೊದಲು ಕಚ್ಚುತ್ತದೆ. ಎಣ್ಣೆ ಸವರಿ, ನಾಲ್ಕು ದಿನ ಮನೆಯಲ್ಲೇ ಮೆಟ್ಟಿ ಪಳಗಿಸಿದ ಮೇಲೆ ಅದು ಅಂಗಾಲಿನ ಅಚ್ಚು ಹಿಡಿದುಕೊಳ್ಳುತ್ತದೆ, ಕಾದ ಕಲ್ಲಿನ ಮೇಲೂ ಒಳಗೆ ತಂಪು. ಮಳೆಗಾಲಕ್ಕೆ ಮಾತ್ರ ಅದನ್ನು ಹೊರಗೆ ತೆಗೆಯಬಾರದು, ನೀರು ಕುಡಿದರೆ ಕೆಟ್ಟಿತು.

ನೆತ್ತಿಗೆ ಬಂದು ಸುತ್ತ ಕಣ್ಣು ಹಾಯಿಸುವುದಕ್ಕೇ ನಾನು ಇಷ್ಟೆಲ್ಲ ಹತ್ತುವುದು. ಉತ್ತರಕ್ಕೆ ನಿಪ್ಪಾಣಿ ಪೇಟೆ, ಅದರಾಚೆ ವೇದಗಂಗೆಯ ಬಯಲಿನ ಕಬ್ಬು. ನಡುವೆ ತಂಬಾಕಿನ ಹೊಲಗಳು, ಅಗಲ ಎಲೆಯ ಕಡು ಹಸಿರು. ಕೆಳಗೆ ಹೆದ್ದಾರಿ. 1981ರಲ್ಲಿ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆ ಕೇಳಿ ದಿನಗಟ್ಟಲೆ ಕೂತದ್ದು ಇದೇ ದಾರಿಯ ಮೇಲೆ. ಗೋಲಿಬಾರಿನಲ್ಲಿ ರೈತರು ಪ್ರಾಣ ಬಿಟ್ಟರು. ಮೇಲಿಂದ ಆ ರಸ್ತೆಯನ್ನು ನೋಡುವಾಗ ಅದು ನೆನಪಾಗದೆ ಇರುವುದಿಲ್ಲ.

ಪಶ್ಚಿಮಕ್ಕೆ ತಿರುಗಿದರೆ, ಮಳೆ ತೊಳೆದ ದಿನ, ಸಹ್ಯಾದ್ರಿಯ ನೀಲಿ ಗೆರೆ. ಅಲ್ಲಿಯ ನೆತ್ತಿಯಲ್ಲಿ ಸಾವಿರಾರು ಮಿಲಿಮೀಟರ್ ಸುರಿಯುವ ಮಳೆ ಮೂಡಣಕ್ಕೆ ಬಂದಂತೆ ಬಡವಾಗುತ್ತದೆ. ನಿಪ್ಪಾಣಿಗೆ ತಕ್ಕಮಟ್ಟಿಗೆ ಸಿಕ್ಕು, ಚಿಕ್ಕೋಡಿ, ರಾಯಬಾಗ ದಾಟಿ ಅಥಣಿಯ ಮೂಡಣ ಹಳ್ಳಿಗಳನ್ನು ಮುಟ್ಟುವಾಗ ಐದಾರು ನೂರು ಮಿಲಿಮೀಟರಿಗೆ ಇಳಿದಿರುತ್ತದೆ. ಜುಲೈಯಲ್ಲಿ ಈ ನೆತ್ತಿಯ ಮೇಲೆ ನಿಂತರೆ ಆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಪಡುವಣದಲ್ಲಿ ಕರಿ ಮೋಡದ ಗೋಡೆ, ತಲೆಯ ಮೇಲೆ ಜಿಟಿಜಿಟಿ, ಮೂಡಣದಲ್ಲಿ ಬಿಳಿ ಬಿಸಿಲು. ಒಂದೇ ಜಾಗದಲ್ಲಿ ನಿಂತು ಮೂರು ಋತು ನೋಡಿದ ಹಾಗೆ.

ಆ ಮೋಡದ ಗೋಡೆಯನ್ನು ನಾವು ಬರಿಯ ಚಂದಕ್ಕೆ ನೋಡುವುದಿಲ್ಲ. ಕೊಯ್ನಾ, ರಾಧಾನಗರಿ, ಕಾಳಮ್ಮವಾಡಿ ಎಂಬ ಅಣೆಕಟ್ಟುಗಳ ಹೆಸರು ನಮ್ಮ ಕಡೆ ಸಣ್ಣ ಹುಡುಗರ ಬಾಯಲ್ಲೂ ಇರುತ್ತದೆ. ಅಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬುತ್ತವೆ. ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಆಮೇಲೆ ಕಲ್ಲೋಳ–ಯಡೂರ, ತಗ್ಗಿನ ಸೇತುವೆಗಳು ಸಾಲಾಗಿ ನೀರಿನ ಕೆಳಗೆ ಹೋಗುತ್ತವೆ. ಭೋಜದ ಹತ್ತಿರ ವೇದಗಂಗೆ ದೂಧಗಂಗೆಯನ್ನು ಕೂಡಿ, ಯಡೂರಿನ ಹತ್ತಿರ ಎರಡೂ ಒಂದಾಗಿ ಕೃಷ್ಣೆಯನ್ನು ಸೇರುತ್ತವೆ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆಯ ದಂಡೆಯ ಕಾಗವಾಡ, ಅಥಣಿ, ರಾಯಬಾಗದ ಹಳ್ಳಿಗಳು ನೀರಲ್ಲಿ ನಿಂತವು. ಹೊಳೆಯ ದಂಡೆಯಲ್ಲಿದ್ದರೆ ನೀರು ಮೆಟ್ಟಿಲಿಗೆ ಬಂದಾಗ ಗೊತ್ತಾಗುತ್ತದೆ. ಗುಡ್ಡದ ಮೇಲಿನವನಿಗೆ ಅದು ಎಲ್ಲಿಂದ ಹೊರಟಿದೆ ಎಂಬುದೂ ಕಾಣುತ್ತದೆ. ನನಗೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳು ಒಂದೇ ಸೀಮೆ ಅನ್ನಿಸಿದ್ದು ನಕಾಶೆ ನೋಡಿ ಅಲ್ಲ, ಇಲ್ಲಿ ಕೂತು.

ಬೇರೆ ಗುಡ್ಡಗಳೂ ಇವೆ. ಸಂಕೇಶ್ವರದ ಬಳಿ ಹರಗಾಪುರದ ವಲ್ಲಭಗಡ, ನಿಪ್ಪಾಣಿ ಸೀಮೆಯ ಆಡಿಯ ಮಲ್ಲಯ್ಯನ ಗುಡ್ಡ. ಅದೇ ಸೀಮೆಯ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯಲ್ಲಿ ಮುಂದಿನ ಮಳೆ ಬೆಳೆಯ ಭವಿಷ್ಯ ನುಡಿಯುವುದನ್ನು ಕೇಳಲು ಸೇರುವ ಜನಸಾಗರ ಕಂಡರೆ, ಮಳೆಯ ಚಿಂತೆ ಇಲ್ಲಿ ಎಷ್ಟು ಹಳೆಯದೆಂದು ತಿಳಿಯುತ್ತದೆ. ಈ ಗುಡ್ಡಗಳಿಗೆ ಹೋಗುವುದಾದರೆ ಗಣಪತಿ ಹಬ್ಬದ ಆಸುಪಾಸು ಹೋಗಬೇಕು. ಹುಲ್ಲು ಮೊಣಕಾಲೆತ್ತರ, ನಡುನಡುವೆ ಹಳದಿ ಹೂವಿನ ಪಟ್ಟೆಗಳು, ಕೌಜುಗದ ಕೂಗು. ಬೋಳು ನೆಲದ ಕಡೆ ನೆಲಗುಬ್ಬಿಯ ಗಂಡು ರೆಕ್ಕೆ ಬಡಿಯುತ್ತ ನೆಟ್ಟಗೆ ಏರಿ, ರೆಕ್ಕೆ ಮುಚ್ಚಿ ಸಿಳ್ಳೆ ಹಾಕುತ್ತ ಕೆಳಗೆ ಧುಮುಕಿ, ಮತ್ತೆ ಏರುತ್ತದೆ. ಬೇಸಿಗೆಯಲ್ಲಿ ಯಾರೋ ಬೀಡಿ ಸೇದಿ ಎಸೆದ ಕಿಡಿಗೆ ಇದೇ ಹುಲ್ಲು ಹೊತ್ತಿ ಇಡೀ ಗುಡ್ಡ ಸುಟ್ಟುಹೋದದ್ದನ್ನು ನೋಡಿದ್ದೇನೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ಓಡಲು ಎಡೆ ಎಲ್ಲಿದೆ? ಮುರುಮಿಗಾಗಿ ಬದಿ ಅಗೆದ ಗುಡ್ಡಗಳನ್ನು ಕಂಡರೂ ಹೊಟ್ಟೆ ಉರಿಯುತ್ತದೆ. ಒಮ್ಮೆ ಅಗೆದದ್ದು ಮತ್ತೆ ಬೆಳೆಯುವುದಿಲ್ಲ.

ಮೂಡಣದ ಅಥಣಿ ಸೀಮೆಯಲ್ಲಿ ಹತ್ತುವುದಕ್ಕೆ ಹೆಚ್ಚೇನೂ ಇಲ್ಲ, ಅಲ್ಲಿ ನಡೆಯುವುದೇ ಸುಖ. ತೆಲಸಂಗದ ಕಡೆ ಜೋಳ ಹಾಲುಗಾಳಾಗುವ ಹೊತ್ತಿಗೆ ನಾನು ಅತ್ತ ಹೊರಡುತ್ತೇನೆ. ಎರೆಯ ಬಿರುಕು, ದಾರಿಯ ಎರಡೂ ಕಡೆ ಆಳೆತ್ತರದ ಜೋಳ, ಗುಡ್ಡದ ಮೇಲಿಂದ ಬಿಳಿ ಬಿಸಿಲಾಗಿ ಕಂಡ ಸೀಮೆಯ ಒಳಗೇ ನಾನು. ಹೋದ ಸಲ ಬದುವಿನ ಮೇಲೆ ಕುಳ್ಳು ಒಟ್ಟಿ ತೆನೆ ಸುಡುತ್ತಿದ್ದ ಮನೆಮಂದಿ ಕೂಗಿ ಕರೆದರು. "ಎಲ್ಲಿಂದ ನಡಕೋತ ಬಂದ್ರಿ ಸರ? ಬರ್ರಿ, ಸೀತನಿ ತಿಂದ ಹೋಗ್ರಿ." ಬಿಸಿ ತೆನೆ ಬಡಿದು, ಹೊಟ್ಟು ತೂರಿ, ಶೇಂಗಾ ಹಿಂಡಿ, ಬೆಲ್ಲದ ಜೊತೆ ಬೊಗಸೆಗೆ ಹಾಕಿದರು. ತಿನ್ನುತ್ತ ಯಜಮಾನರು ಮೊದಲು ಕೇಳಿದ್ದು ನನ್ನ ಹೆಸರಲ್ಲ: "ನಿಪ್ಪಾಣಿ ಕಡೆಯವ್ರಂದ್ರಲ್ಲ, ಈ ವರ್ಷ ಗುಡ್ಡದ ಕಡೆ ಮಳಿ ಹ್ಯಾಂಗಿತ್ರಿ?" ನಾನು ಕಂಡದ್ದೆಲ್ಲ ಹೇಳುತ್ತ ಹೋದೆ, ಅವರು ಇನ್ನೊಂದು ತೆನೆ ಬೂದಿಗೆ ಸರಿಸಿದರು.