ರಾಜಾಬಾಯಿ ಗೋಪುರದ ಕೆಳಗೆ

ಊರಿನಿಂದ ಮುಂಬಯಿಗೆ ಬಂದ ನೆಂಟರಿಗೆ ಗೇಟ್‌ವೇ, ರಾಣಿಬಾಗ, ಮಹಾಲಕ್ಷ್ಮಿಯ ಗುಡಿ ಇಷ್ಟನ್ನು ತೋರಿಸಿ ಕಳುಹಿಸುವುದು ನಮ್ಮಲ್ಲಿಯ ರೂಢಿ. ಚರ್ಚ್‌ಗೇಟ್ ನಿಲ್ದಾಣದಿಂದ ತುಸು ದೂರ ನಡೆದರೆ ಓವಲ್ ಮೈದಾನದ ಅಂಚಿಗೆ ನಿಂತಿರುವ ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡವನ್ನು ತೋರಿಸುವವರು ಕಡಿಮೆ. ಆದರೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಿಗೆ ಈ ಮಹಾನಗರದಲ್ಲಿ ಇದಕ್ಕಿಂತ ಹತ್ತಿರದ ಸಂಬಂಧವುಳ್ಳ ಕಟ್ಟಡ ಬೇರೊಂದಿಲ್ಲವೆಂದರೂ ಸಲ್ಲುವುದು.

ಇಲ್ಲಿಯ ಗ್ರಂಥಾಲಯವನ್ನೂ ಅದರ ಮೇಲಿನ ಗೋಪುರವನ್ನೂ ಕಟ್ಟಿಸಲು ಹಣವಿತ್ತವರು ಹತ್ತಿಯ ವ್ಯಾಪಾರದಲ್ಲಿ ಹೆಸರಾದ ಪ್ರೇಮಚಂದ ರಾಯಚಂದರು. ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯ ಹೆಸರಿಡಿಸಿದರು. ಕಣ್ಣು ಕಾಣದ ಆ ಜೈನ ತಾಯಿ ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಾಗಿದ್ದುದರಿಂದ, ಗಡಿಯಾರದ ಗಂಟೆ ಆಕೆಗೆ ವೇಳೆ ತಿಳಿಸಲೆಂದು ಮಗ ಇದನ್ನು ಕಟ್ಟಿಸಿದನೆಂದು ಜನ ಹೇಳುವುದುಂಟು. ನಕ್ಷೆ ತಯಾರಿಸಿದ ಸರ್ ಗಿಲ್ಬರ್ಟ್ ಸ್ಕಾಟ್ ಎಂಬ ಇಂಗ್ಲಿಷ್ ಶಿಲ್ಪಿ ಭಾರತಕ್ಕೆ ಒಮ್ಮೆಯೂ ಬಂದವನಲ್ಲ. 1878ರಲ್ಲಿ ಪೂರ್ಣಗೊಂಡ ಗೋಪುರದ ಎತ್ತರ 280 ಅಡಿ. ಅದರ ಮೈಮೇಲೆ ಪಶ್ಚಿಮ ಭಾರತದ ನಾನಾ ಜಾತಿ ಸಮುದಾಯಗಳ ಜನರ ಕಲ್ಲಿನ ಮೂರ್ತಿಗಳಿವೆ. ಒಳಗೆ ಬೇಕೆಂದಾಗ ನುಗ್ಗುವಂತಿಲ್ಲ, ಅನುಮತಿ ಬೇಕು. ಹೊರಗಿನಿಂದ ನೋಡುವುದಕ್ಕೇ ಅರ್ಧ ದಿನ ಸಾಲದು.

ನಮ್ಮ ಸಂಬಂಧವೇನೆಂದು ವಾಚಕರು ಕೇಳಬಹುದು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ಪದವೀಧರರು 1862ರಲ್ಲಿ ಹೊರಬಿದ್ದ ನಾಲ್ವರು. ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಭಾಂಡಾರಕರ ಅವರಲ್ಲಿ ಸೇರಿದ್ದರು. ಅಂದಿನಿಂದ ಮುಂದೆ ಎಷ್ಟೋ ದಶಕಗಳ ಕಾಲ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಹುಡುಗರು ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತದ್ದು ಈ ವಿಶ್ವವಿದ್ಯಾನಿಲಯದ ಕೈಕೆಳಗೇ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದ ಮೇಲೂ ಪದವಿ ಕೊಡುತ್ತಿದ್ದುದು ಮುಂಬಯಿಯೇ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಇದೇ ಮುಂಬಯಿಯಲ್ಲಿ ಹುಟ್ಟಿ ಧಾರವಾಡಕ್ಕೆ ಹೋದ ಮೇಲೆಯೇ ಆ ಕೊಂಡಿ ಕಳಚಿತು. ಆದುದರಿಂದ ನಮ್ಮ ಅಜ್ಜ ಮುತ್ತಜ್ಜಂದಿರ ಓದಿನ ಕಥೆಯನ್ನು ಹುಡುಕುವವರು ಧಾರವಾಡಕ್ಕೆ ಹೋಗುವ ಮೊದಲು ಮುಂಬಯಿಯ ಕಡೆಗೆ ನೋಡಬೇಕಾಗುತ್ತದೆ.

ಕಳೆದ ಚಳಿಗಾಲದ ಒಂದು ಆದಿತ್ಯವಾರ ಸಂಘದ ಏಳೆಂಟು ಮಂದಿ ಕೂಡಿ ಇಲ್ಲಿಗೆ ಬಂದಿದ್ದೆವು. ಕಟ್ಟಡವನ್ನು ಸುತ್ತಿ ನೋಡಿ, ಮೈದಾನದ ಬದಿಯ ನೆರಳಿನಲ್ಲಿ ಕುಳಿತು ಚುರುಮುರಿ ತಿನ್ನುತ್ತಿರುವಾಗ ಮಾತು ಹಳೆಯ ದಫ್ತರಗಳ ಕಡೆಗೆ ತಿರುಗಿತು. ನಮ್ಮಲ್ಲಿಯ ಹಿರಿಯರೊಬ್ಬರು, ಎಲ್ಲರಿಗೂ ಕಾಕಾ, ತುಸು ಬಿರುಸಾಗಿಯೇ ಕೇಳಿದರು: “ನಮ್ಮ ಅಜ್ಜನ ಪರೀಕ್ಷಾದ ಹಾಳಿ ನೋಡಾಕ ನನಗ ಯಾರ ಅಪ್ಪಣಿ ಬೇಕು?”

ಜೊತೆಗಿದ್ದ ಸೊಸೆ ಮೆಲ್ಲಗೆ ಹೇಳಿದಳು: “ಕಾಕಾ, ಅಜ್ಜಾರು ಎರಡು ಸಲ ಫೇಲಾಗಿದ್ದಾರು. ಅದನ್ನ ಮನ್ಯಾಗ ಯಾರಿಗೂ ಹೇಳಿರಲಿಕ್ಕಿಲ್ಲ. ಅವರು ಹೇಳದ್ದನ್ನ ನಾವು ಕೆದಕಿ ತಗೀಬೇಕೇನು?”

“ಫೇಲಾಗಿದ್ದರ ಏನಾತವಾ? ಅಷ್ಟು ಕಷ್ಟಪಟ್ಟು ಓದಿದ್ರು ಅಂತ ನಮ್ಮ ಮೊಮ್ಮಕ್ಕಳಿಗೆ ಗೊತ್ತಾಗಬ್ಯಾಡಾ?”

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ವಿಶ್ವವಿದ್ಯಾನಿಲಯಗಳ ಪತ್ರಾಗಾರಗಳೆದುರಿಗಿರುವ ಪ್ರಶ್ನೆಯೂ ಇದೇ.

ಅಲ್ಲಿಯ ಕಾಗದಗಳಲ್ಲಿ ಎರಡು ಬಗೆ. ಒಂದು, ಎಲ್ಲರೂ ಓದಲೆಂದೇ ಅಚ್ಚಾದದ್ದು. ಹಿಂದಿನ ಕಾಲದ ವಿಶ್ವವಿದ್ಯಾನಿಲಯದ ‘ಕ್ಯಾಲೆಂಡರು’ಗಳಲ್ಲಿ ತೇರ್ಗಡೆಯಾದವರ ಹೆಸರು, ಕಾಲೇಜುಗಳು ಸಾಲುಸಾಲಾಗಿ ಇರುತ್ತಿದ್ದವು. ಕೆಲವು ಸಂಪುಟಗಳು ಈಗ ಗಣಕಯಂತ್ರದಲ್ಲೂ ಓದಲು ಸಿಗುತ್ತವೆ. ಅವುಗಳಲ್ಲಿ ನಮ್ಮ ಹಿರಿಯರ ಹೆಸರು ಕಂಡರೆ ಆಗುವ ಸಂತೋಷಕ್ಕೆ ಯಾರ ಅಡ್ಡಿಯೂ ಇಲ್ಲ. ಇನ್ನೊಂದು, ವಿದ್ಯಾರ್ಥಿ ಮತ್ತು ಸಂಸ್ಥೆ ಇವರಿಬ್ಬರ ನಡುವೆ ಮಾತ್ರ ಇದ್ದದ್ದು: ಗುಣಪಟ್ಟಿ, ಫೀ ಮಾಫಿಗೆ ಕೊಟ್ಟ ಬಡತನದ ಅರ್ಜಿ, ಜಾತಿಯ ಕಲಮು, ಕಾಯಿಲೆಯ ಸರ್ಟಿಫಿಕೇಟು, ಶಿಸ್ತುಭಂಗದ ಶಿಕ್ಷೆ. ಕೊಟ್ಟವನು ಒಂದು ಕೆಲಸಕ್ಕೆಂದು ಕೊಟ್ಟನು. ನೂರು ಜನ ಓದಲೆಂದು ಕೊಡಲಿಲ್ಲ.

ಹಾಗೆಂದು ಎಲ್ಲವನ್ನೂ ಬೀಗ ಹಾಕಿಟ್ಟರೆ ಚರಿತ್ರೆ ಬರೆಯುವುದೆಂತು? ಈ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪದವೀಧರೆ ಕೊರ್ನೇಲಿಯಾ ಸೊರಾಬ್ಜಿಯ ಹಿಂದೆ ಮುಂದೆ ಬಾಗಿಲು ತಟ್ಟಿದ ಹೆಣ್ಣುಮಕ್ಕಳೆಷ್ಟು, ಯಾವ ಜಾತಿಯವರಿಗೆ ಬಾಗಿಲು ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂಬುದನ್ನು ಆ ಅರ್ಜಿಗಳೇ ಹೇಳಬೇಕು. ಚೆನ್ನೈಯಲ್ಲಿರುವ ನಮ್ಮವರು ಬಲ್ಲ ಉದಾಹರಣೆ ಒಂದುಂಟು. ಗಣಿತಜ್ಞ ರಾಮಾನುಜನ್ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದದ್ದು ಲೋಕಕ್ಕೆಲ್ಲ ತಿಳಿದಿದೆ. ಅದೇ ಮದ್ರಾಸು ವಿಶ್ವವಿದ್ಯಾನಿಲಯ 1913ರಲ್ಲಿ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟದ್ದೂ ತಿಳಿದಿದೆ. ಇವೆರಡೂ ಒಟ್ಟಿಗೆ ತಿಳಿದುದರಿಂದ ಎಷ್ಟು ಮಕ್ಕಳಿಗೆ ಧೈರ್ಯ ಬಂದಿರಬೇಡ! ಆದರೆ ರಾಮಾನುಜನ್ನರ ನಪಾಸಿಗೆ ಕೀರ್ತಿಯ ಆಸರೆಯಿದೆ. ಅದೇ ವರ್ಷ ನಪಾಸಾಗಿ ಎಲ್ಲೋ ಕಾರಕೂನಿಕೆ ಮಾಡಿ ಸಂಸಾರ ಸಾಗಿಸಿದವನಿಗೆ ಆ ಆಸರೆ ಎಲ್ಲಿಯದು?

ಕಾನೂನೂ ಈ ತಕ್ಕಡಿಯನ್ನು ಹಿಡಿದು ನೋಡಿದೆ. 2005ರ ಮಾಹಿತಿ ಹಕ್ಕಿನ ಕಾನೂನು ಸರಕಾರಿ ಕಚೇರಿಗಳ ದಫ್ತರಗಳನ್ನು ಪ್ರಜೆಗಳಿಗೆ ತೆರೆಯಿತು. ವ್ಯಕ್ತಿಯ ಖಾಸಗಿ ವಿಷಯಕ್ಕೆ ಅದರಲ್ಲಿಯೇ ರಕ್ಷಣೆಯನ್ನೂ ಇಟ್ಟಿತು. ವಿದ್ಯಾರ್ಥಿಯು ತಿದ್ದಿದ ತನ್ನ ಉತ್ತರಪತ್ರಿಕೆಯನ್ನು ನೋಡಬಹುದು, ಆದರೆ ತಿದ್ದಿದವರ ಹೆಸರನ್ನು ಹೊರಗೆಡಹಬೇಕಾಗಿಲ್ಲ ಎಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2017ರಲ್ಲಿ ಅದೇ ನ್ಯಾಯಾಲಯ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಕಾಲವನ್ನೇ ಅಳತೆಗೋಲಾಗಿ ಹಿಡಿದಿದ್ದಾರೆ. ಆಡಳಿತದ ಕಾಗದಗಳು 50 ವರ್ಷ, ವಿದ್ಯಾರ್ಥಿಗಳ ಹಾಗೂ ನೌಕರರ ವೈಯಕ್ತಿಕ ಕಾಗದಗಳು 80 ವರ್ಷ ಮುಚ್ಚಿರುತ್ತವೆ. ಇಪ್ಪತ್ತರ ಹುಡುಗನ ಹಾಳಿ ಅವನಿಗೆ ನೂರಾಗುವವರೆಗೆ ಹೊರಬೀಳದು. ಮುಚ್ಚುಮರೆಯೂ ಇಲ್ಲ, ಬಿಚ್ಚಾಟವೂ ಇಲ್ಲ, ಕಾಯುವಿಕೆ ಮಾತ್ರ. ಈ ಪದ್ಧತಿ ನಮಗೂ ಒಪ್ಪುವಂಥದು. ಅದಕ್ಕೆ ಒಂದು ಮಾತು ಸೇರಿಸಬೇಕೆನಿಸುತ್ತದೆ: ಸಂಸ್ಥೆ ತಾನು ಹೇಗೆ ನಡೆದುಕೊಂಡಿತೆಂಬ ಕಾಗದಗಳನ್ನು ಬೇಗನೆ ತೆರೆಯಲಿ, ವ್ಯಕ್ತಿ ಹೇಗೆ ಬದುಕಿದನೆಂಬುದನ್ನು ತಡವಾಗಿ ತೆರೆಯಲಿ. ತೀರಿಹೋದವರ ಮನೆಯವರು ಕೇಳಿ ಬಂದರೆ ಅವರಿಗೆ ಮೊದಲ ಅವಕಾಶವಿರಲಿ. ಎಲ್ಲಕ್ಕೂ ಮುಖ್ಯವಾಗಿ, ಗುಟ್ಟು ಕಾಯುವ ನೆವದಿಂದ ಯಾವುದನ್ನೂ ಸುಡದಿರಲಿ. ಮುಚ್ಚಿಟ್ಟದ್ದನ್ನು ಮುಂದಿನವರು ತೆರೆದಾರು. ಬೂದಿಯಾದದ್ದನ್ನು ಯಾರೂ ಓದಲಾರರು.

ನಮ್ಮ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಿಗೂ ಈ ಮಾತು ಸಲ್ಲುವುದು. ಊರು ಬಿಟ್ಟು ಬಂದ ನಮಗೆ ಹಳೆಯ ಪತ್ರ, ಸರ್ಟಿಫಿಕೇಟು, ಫೋಟೋಗಳೇ ಊರಿನ ದಾರಿ. ಮನೆ ಬದಲಿಸುವಾಗ ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಹಿರಿಯರು ಬದುಕಿರುವಾಗಲೇ ಕೇಳಿಕೊಳ್ಳಿರಿ, ಯಾವುದನ್ನು ಮಕ್ಕಳಿಗೆ ತೋರಿಸಬಹುದು, ಯಾವುದು ಕೆಲ ಕಾಲ ಕಟ್ಟಿಟ್ಟಿರಬೇಕು ಎಂದು. ಅವರ ಮಾತನ್ನು ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಆ ಕಟ್ಟಿನ ಮೇಲೆ ಇಡಿರಿ. ಯಾವ ಗ್ರಂಥಾಲಯಕ್ಕಾದರೂ ಮುಂದೆ ಅದನ್ನು ಒಪ್ಪಿಸುವ ದಿನ ಬಂದರೆ ಆ ಚೀಟಿಯೂ ಜೊತೆಗೆ ಹೋಗಲಿ.