ಅಂಕಿಗಳಿಗೂ ಒಂದು ಕಾವಲು ಬೇಕು

ದಾಖಲೆಯ ಬೆಲೆ ಏನು ಅಂತ ನಮ್ಮ ಅಥಣಿ ತಾಲೂಕಿನ ಹೊಳೆ ದಂಡೆಯವರನ್ನು ಕೇಳಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಊರೊಳಗೆ ಬಂದಾಗ ಗೋಡೆಗಳ ಜೊತೆ ಟ್ರಂಕಿನಲ್ಲಿದ್ದ ಕಾಗದಪತ್ರಗಳೂ ನೆನೆದು ಮುದ್ದೆಯಾದವು. ಆಮೇಲೆ ಸರಕಾರ ತುರ್ತಿಗೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿತು. ಮನೆ ಎ ವರ್ಗವೋ, ಬಿ ವರ್ಗವೋ, ಸಿ ವರ್ಗವೋ ಎಂಬ ಒಂದೇ ಅಕ್ಷರದ ಮೇಲೆ ಎಷ್ಟೋ ಕುಟುಂಬಗಳ ಹಣೆಬರಹ ನಿಂತಿತು.

ಇಂಥ ಸಂಗತಿಗಳನ್ನೇ ನಾವು ಊರೂರು ತಿರುಗಿ ಕೇಳಿ ಬರೆದುಕೊಳ್ಳುತ್ತೇವೆ. ಎಷ್ಟು ಕಂತು ಬಂತು, ಯಾವುದು ನಿಂತಿತು, ಕಬ್ಬಿನ ಬಿಲ್ಲು ಯಾವಾಗ ಆಯಿತು, ಎಲ್ಲವೂ ಒಂದು ಸಣ್ಣ ಸರ್ವರ್‌ನಲ್ಲಿದೆ. ಅವನ್ನು ಕೂಡಿಸಿ ಕಳೆದು ನೋಡಲು ಮೆಟಾಬೇಸ್ ಎಂಬ ಉಚಿತ ತಂತ್ರಾಂಶ ಬಳಸುತ್ತೇವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಂಕಿಗಳು ಇರುವುದು ಒಂದು ಕಡೆ. ಅವಕ್ಕೆ ನಾವು ಕೇಳಿದ ಪ್ರಶ್ನೆಗಳು, ಮಾಡಿದ ಪಟ್ಟಿಗಳು, ಯಾರು ಏನನ್ನು ನೋಡಬಹುದು ಎಂಬ ಅನುಮತಿಗಳು ಇರುವುದು ಇನ್ನೊಂದು ಕಡೆ. ಈ ಎರಡನೆಯದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಚೀಲದಲ್ಲಿನ ಜೋಳ ಅಂಕಿಯಾದರೆ, ಯಾವ ಚೀಲ ಯಾರದು ಎಂದು ಬರೆದ ಪುಸ್ತಕ ಮೆಟಾಡೇಟಾ. ಪುಸ್ತಕ ಹೋದರೆ ಜೋಳ ಇದ್ದೂ ಜಗಳ.

ಮೆಟಾಬೇಸ್ ಈ ಪುಸ್ತಕವನ್ನು ಮೊದಲಿಗೆ ಎಚ್2 ಎಂಬ ಕಡತದಲ್ಲಿ ಇಡುತ್ತದೆ. ನಿತ್ಯದ ಕೆಲಸಕ್ಕೆ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಬಳಸಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ನಾವೂ ಹಾಗೆಯೇ ಇಟ್ಟಿದ್ದೇವೆ. ರಾತ್ರಿ 2 ಗಂಟೆಗೆ ಕ್ರಾನ್ ಎಂಬ ಗಡಿಯಾರ ಎಚ್ಚರಗೊಂಡು ಪೂರ್ತಿ ಪ್ರತಿ ತೆಗೆಯುತ್ತದೆ. ಸುಗ್ಗಿಯಿರಲಿ, ಜಾತ್ರೆಯಿರಲಿ, ಅದಕ್ಕೆ ಮರೆವಿಲ್ಲ. ಒಂದು ಪ್ರತಿ ಹಾರ್ಡ್ ಡಿಸ್ಕಿಗೆ, ಇನ್ನೊಂದು ಬೀಗ ಹಾಕಿದ ರೂಪದಲ್ಲಿ ದೂರದ ಊರಿಗೆ. ಹೊಳೆ ಕಂಡವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

ಆದರೆ ಪ್ರತಿ ತೆಗೆದರೆ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಕಣ್ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಹುಡುಕಿದರೆ, ದಿನವೂ ಆಗಬೇಕಿದ್ದ ಪ್ರತಿ ಆಗುತ್ತಲೇ ಇರಲಿಲ್ಲ. ತಂತ್ರಾಂಶದ ಆವೃತ್ತಿ ಹೊಂದದೆ ಅದು ಸೋಲುತ್ತಿತ್ತು. ಸೋತಿದ್ದೇನೆ ಎಂದು ಹೇಳುವ ಇಮೇಲೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆ ತೆಗೆದಿಟ್ಟ ಒಂದು ನಕಲು ಸಿಕ್ಕಿದ್ದರಿಂದ ಬಚಾವಾದರು. ಆದರೂ ಸುಮಾರು 6 ಗಂಟೆಯ ಮಾಹಿತಿ ಹೋಯಿತು. ಹಗೇವು ತೆರೆದು ನೋಡದೆ ಒಳಗಿನ ಜೋಳ ಚೆನ್ನಾಗಿದೆ ಅನ್ನಲಾಗದು. ಅದಕ್ಕೇ ತಿಂಗಳಿಗೊಮ್ಮೆ ಹಳೆಯ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಪಟ್ಟಿಗಳು ಸರಿಯಾಗಿ ಬರುತ್ತವೆಯೇ ನೋಡುತ್ತೇವೆ.

ಕಳೆಯುವುದು ಒಂದು ಭಯ, ಕದಿಯುವುದು ಇನ್ನೊಂದು. 2023ರ ಜುಲೈನಲ್ಲಿ ಮೆಟಾಬೇಸ್‌ನಲ್ಲೇ ಒಂದು ದೊಡ್ಡ ಬಿರುಕು ಪತ್ತೆಯಾಯಿತು. ಮೊದಲ ದಿನ ಸ್ಥಾಪಿಸುವಾಗ ಬಳಸುವ ಕೀಲಿ ಆಮೇಲೂ ಹೊರಗಿನವರಿಗೆ ಕಾಣುತ್ತಿತ್ತು. ಅದನ್ನು ಹಿಡಿದು, ಪಾಸ್‌ವರ್ಡ್ ಇಲ್ಲದೆಯೇ ಸರ್ವರ್ ಮೇಲೆ ತಮಗೆ ಬೇಕಾದ್ದನ್ನು ನಡೆಸಬಹುದಿತ್ತು. ತಯಾರಕರು ಕೂಡಲೇ ತೇಪೆ ಬಿಟ್ಟರು. ತೇಪೆ ಹಾಕಿಕೊಂಡವರು ಉಳಿದರು.

ಆದ್ದರಿಂದ ತಪಾಸಣೆಗೆ ನಮ್ಮದೊಂದು ಪಟ್ಟಿ ಇದೆ. ಹೊಸ ಆವೃತ್ತಿ ಬಂದಿದೆಯೇ? ತಂಡ ಬಿಟ್ಟು ಹೋದವರ ಖಾತೆ ಮುಚ್ಚಿದೆಯೇ? ಯಾವ ಪಟ್ಟಿಯ ಲಿಂಕ್ ಎಲ್ಲರಿಗೂ ತೆರೆದಿದೆ? ಅವೇಳೆಯಲ್ಲಿ, ಅಪರಿಚಿತ ಜಾಗದಿಂದ ಯಾರಾದರೂ ಒಳಗೆ ಬಂದಿದ್ದಾರೆಯೇ? ಇನ್ನೊಂದು ಮಾತು: ಡೇಟಾಬೇಸಿನ ಪಾಸ್‌ವರ್ಡ್‌ಗಳೂ ಈ ಮೆಟಾಡೇಟಾದಲ್ಲೇ ಇರುತ್ತವೆ. ಅವನ್ನು ಗುಪ್ತಲಿಪಿಯಲ್ಲಿ ಇಡುವ ಕೀಲಿಯನ್ನು ಪ್ರತಿಯ ಜೊತೆಗೇ ಇಡಬಾರದು. ಕೀಲಿಯನ್ನು ಬೀಗಕ್ಕೇ ನೇತುಹಾಕಿದಂತೆ ಆಗುತ್ತದೆ. ಹಾಗಂತ ಕೀಲಿ ಕಳೆದರೂ ಆ ಪಾಸ್‌ವರ್ಡ್‌ಗಳು ಓದಲು ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಹೆಸರು ಹಾಕಬೇಡ್ರಿ ಅಂತ ಹೇಳಿಯೇ ಜನ ನಮಗೆ ಸತ್ಯ ಹೇಳುತ್ತಾರೆ. ಪರಿಹಾರಕ್ಕೆ ಯಾರಿಗೆ ಎಷ್ಟು ಕೊಡಬೇಕಾಯಿತು ಎಂದು ಹೇಳಿದ ಅಕ್ಕನ ಫೋನ್ ನಂಬರ್ ಹೊರಬಿದ್ದರೆ ತೊಂದರೆ ಆಗುವುದು ನಮಗಲ್ಲ, ಅವರಿಗೆ. ಸುದ್ದಿ ಬರೆಯುವುದು ಅರ್ಧ ಕೆಲಸ. ಹೇಳಿದವರನ್ನು ಕಾಯುವುದು ಉಳಿದರ್ಧ.